ನಲವತ್ತಕ್ಕೆ ಇಪ್ಪತ್ತು

ಭಾನುವಾರ, ಮಾರ್ಚ್ ೯

ಪ್ರೀತಿಯ ತಂಗಿ,

ಹೇಗಿದ್ದೀಯೆ? ನಿನ್ನ ಕಾಗದಕ್ಕೆ ಎರಡು ತಿಂಗಳು ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಹೊಸ ಕನ್ನಡಕದ ಫೋಟೋ ನೋಡಿದೆ. ಥೇಟ್ ನನ್ನ ಹಾಗೇ ಕಾಣ್ತೀಯ, ಪಾಪ.

ಕೋರ್ಟಿನವರು ನನ್ನ ಹತ್ತಿರ ಒಬ್ಬನ ಹಿಂದೆ ಒಬ್ಬ ಆರೋಪಿಯನ್ನು ಕಳಿಸ್ತಾನೇ ಇದ್ದಾರೆ, ಇವನಿಗೆ ನಿಜಕ್ಕೂ ತಲೆ ಕೆಟ್ಟಿದೆಯೋ, ಶಿಕ್ಷೆ ತಪ್ಪಿಸಿಕೊಳ್ಳೋ ನಾಟಕವೋ ನೋಡಿ ತಿಳಿಸಿ ಅಂತ. ಮೊನ್ನೆ ಬಂದವನು ಕಾರು ಕದ್ದವನು. ಸಿಕ್ಕಿಬಿದ್ದ ದಿನದಿಂದ ಕಿವಿಯಲ್ಲಿ ಯಾರೋ ಮಾತಾಡ್ತಾರಂತೆ, ಏನೂ ನೆನಪಿರಲ್ವಂತೆ. ನಮ್ಮ ಪ್ರಶ್ನೆಗಳ ನಡುವೆ ಯಾವ ಕಾಯಿಲೆಯಲ್ಲೂ ಇಲ್ಲದ ಲಕ್ಷಣ ಒಂದೆರಡು ಸೇರಿಸಿರ್ತೀವಿ. "ದನಿ ಕೇಳುವಾಗ ಎಡ ಮೊಣಕಾಲು ತಣ್ಣಗಾಗುತ್ತಾ?" ಅಂದೆ. "ಎರಡೂ ಆಗುತ್ತೆ ಮೇಡಂ, ಬಲಗಡೇದು ಸ್ವಲ್ಪ ಜಾಸ್ತಿ" ಅಂದ. ನಾಯಿಗೆ ಎಷ್ಟು ಕಾಲು ಅಂದರೆ ಬಹಳ ಯೋಚನೆ ಮಾಡಿ ಐದು ಅಂದ. ಹೊರಗೆ ಹೋಗ್ತಾ ಕಾವಲಿನ ಪೊಲೀಸಪ್ಪನನ್ನ "ಹೇಗೆ ಮಾಡಿದೆ ಸಾರ್?" ಅಂತ ಕೇಳಿದನಂತೆ.

ಅವನಿಗೆ ಚಿತ್ರದ ಪರೀಕ್ಷೆಯನ್ನೂ ಕೊಟ್ಟೆ. ಮೊದಲು ನಲವತ್ತು ಚಿತ್ರ ತೋರಿಸ್ತೀವಿ, ಕೊಡೆ, ಬಾಚಣಿಗೆ, ಏಣಿ, ಇಂಥವು. ಆಮೇಲೆ ಎರಡೆರಡು ಚಿತ್ರ ಇಟ್ಟು, ಮೊದಲು ನೋಡಿದ್ದು ಯಾವುದು ಅಂತ ಕೇಳ್ತೀವಿ. ಏನೂ ನೆನಪಿಲ್ಲದವನು ಕಣ್ಣು ಮುಚ್ಚಿ ಬೆರಳಿಟ್ಟರೂ ಹೆಚ್ಚುಕಡಿಮೆ ಅರ್ಧ ಸರಿ ಬರುತ್ತೆ. ಇವನದು ಮೂರೇ ಮೂರು. ಅಷ್ಟು ತಪ್ಪಬೇಕಾದರೆ ಸರಿ ಉತ್ತರ ಗೊತ್ತಿರಲೇಬೇಕು ನೋಡು.

ಇನ್ನು ಮನೆಯ ಕಳ್ಳನ ವಿಷಯ, ಅದೇ ನಿನ್ನ ಮುದ್ದಿನ ಭಾವ. ಇಸ್ತ್ರಿಗೆ ಕೊಟ್ಟ ಬಟ್ಟೆ ತರೋಕೆ ಮರೆತೆ, ಒಲೆ ಆರಿಸೋಕೆ ಮರೆತೆ, ವರ್ಷದಿಂದ ಇದೇ ರಾಗ. ಕೇಳಿದರೆ ಹಲ್ಲು ಕಿರೀತಾರೆ. ಕೆಲಸಗಳ್ಳತನ ನನಗೆ ಗೊತ್ತಾಗಲ್ವಾ? ಇವತ್ತು ತಿಂಡಿ ಆದಮೇಲೆ ಅದೇ ಚಿತ್ರಗಳನ್ನು ಅವರ ಮುಂದೆ ಹರಡಿದೆ. ನಲವತ್ತಕ್ಕೆ ಸರಿಯಾಗಿ ಇಪ್ಪತ್ತು! ಇಷ್ಟು ವರ್ಷ ನನ್ನ ಬಾಯಲ್ಲಿ ಕೇಳಿ ಕೇಳಿ ಅರ್ಧದ ಗುಟ್ಟು ಕಲಿತಿದ್ದಾರೆ, ಮಹಾ ಖದೀಮ. ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ, ಅವರೂ ನಕ್ಕರು. "ಕಳ್ಳ, ಆದರೆ ಪಳಗಿದ ಕಳ್ಳ" ಅಂತ ಷರಾ ಬರೆದು ಆ ಹಾಳೆಯನ್ನ ಫ್ರಿಜ್ ಬಾಗಿಲಿಗೆ ಅಂಟಿಸಿದ್ದೀನಿ. ಮುಂದಿನ ವಾರ ಬಂದಾಗ ನೋಡುವೆಯಂತೆ.

ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ ಹೇಳು. ನೀನೂ ನೂರು ವರ್ಷ ಸುಖವಾಗಿ ಬಾಳು, ಜಗಳಕ್ಕೆ ನನಗೆ ಜನ ಬೇಕು.

ನಿನ್ನ
ಅಕ್ಕ

ತಾ.ಕ.: ಇದು ಮಂಗಳವಾರ ಬರೀತಿರೋದು, ಕಾಗದ ಇನ್ನೂ ಡಬ್ಬಕ್ಕೆ ಹಾಕಿರಲಿಲ್ಲ. ಇವತ್ತು ಬಟ್ಟೆ ನೆನೆಸೋ ಮುಂಚೆ ಅವರ ಅಂಗಿ ಜೇಬು ನೋಡಿದೆ. ಮಡಚಿ ಮಡಚಿ ಸವೆದ ಚೀಟಿ, ಅವರದೇ ಅಕ್ಷರ. "ಬಚ್ಚಲು ಎಡಗಡೆ. ಅವಳು ಬರೋದು ಆರು ಗಂಟೆಗೆ. ಗೊತ್ತಾಗದಿದ್ದರೆ ನಗಬೇಕು. ಕನ್ನಡಕ ಇರುವವಳು ಹೆಂಡತಿ, ಇಲ್ಲದವಳು ನಾದಿನಿ."

ಅವರದು ನಾಟಕವೇ ಕಣೇ, ಚೆನ್ನಾಗಿದ್ದೀನಿ ಅನ್ನೋ ನಾಟಕ. ಆ ಇಪ್ಪತ್ತು ನಿಜವಾದ ಇಪ್ಪತ್ತು, ನಾನು ನಕ್ಕುಬಿಟ್ಟೆ. ನನ್ನ ಮೇಲೆ ನನಗೇ ಅಸಹ್ಯ ಆಗ್ತಿದೆ. ಫ್ರಿಜ್ ಮೇಲಿನ ಹಾಳೆ ಹರಿದು ಹಾಕಿದೆ. ಚೀಟೀನ ಅವರು ನಾಳೆ ಹಾಕಿಕೊಳ್ಳೋ ಅಂಗಿ ಜೇಬಿಗೆ ಸೇರಿಸಿದೆ. ಗುರುವಾರ ನರರೋಗದ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ನೀನು ಬರುವಾಗ ಆ ಹೊಸ ಕನ್ನಡಕ ಬ್ಯಾಗಿನಲ್ಲೇ ಇಟ್ಟುಕೊಂಡು ಬಾ.