ಆ ಅಧ್ಯಾಯದಲ್ಲಿ ಕತ್ತಿ ಇಲ್ಲ

ಅಂದೋಲಾ, ಜೇವರ್ಗಿ ತಾಲ್ಲೂಕು
20 ಜನವರಿ 2026, ಮಂಗಳವಾರ

ಪ್ರೀತಿಯ ಅನೂಪಣ್ಣಾ,

ನೀನು ಎರಡು ತಿಂಗಳಿಂದ ಕಾದಂಬರಿ ಓದದೆ, ಅದರ ಅನಿಮೆ, ಅದೇ ಆ ಜಪಾನಿ ಕಾರ್ಟೂನ್ ಧಾರಾವಾಹಿ, ನೋಡಿ ನಮಗೆ ಕಥೆ ಹೇಳುತ್ತಿದ್ದೀಯ. ಇದು ತಪ್ಪು. ಮೊದಲು ಇದನ್ನು ಬರೆದುಬಿಟ್ಟರೆ ಉಳಿದದ್ದನ್ನು ಸಮಾಧಾನದಿಂದ ಬರೆಯಬಹುದು ಅನ್ನಿಸಿತು. ಆರೋಗ್ಯ ಹೇಗಿದೆ? ಥಂಡಿಗೆ ಬಂದ ಕೆಮ್ಮು ಹೋಯಿತೇ? ಭೂಸನೂರಿನಲ್ಲಿ ಊಟಕ್ಕೆ ರೊಟ್ಟಿ ಸಿಗುತ್ತದೋ ಇಲ್ಲ ಇನ್ನೂ ಅನ್ನವೇ ಗತಿಯೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ತೊಗರಿ ರಾಶಿ ಮುಗಿದಿದೆ. ಅಜ್ಜಿಯ ಮೊಣಕಾಲು ನೋವು ಇದ್ದಲ್ಲೇ ಇದೆ, ಮಾತಿನ ಜೋರು ಕೂಡ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು, ಆದರೆ ಅಲ್ಲಿ ನೀನು ನಗಿಸಿ ತಪ್ಪಿಸಿಕೊಳ್ಳುತ್ತೀ. ಅದಕ್ಕೇ ಕಾಗದ ಬರೆದು ಕಬ್ಬಿನ ಲಾರಿಯ ರಸೂಲನ ಕೈಗೆ ಕೊಡುತ್ತಿದ್ದೇನೆ. ಅಫಜಲಪುರದ ಕಡೆ ಕಬ್ಬು ತುಂಬಿಕೊಂಡು ನಾಳೆ ನಿಮ್ಮ ಸಕ್ಕರೆ ಕಾರ್ಖಾನೆಗೇ ಬರುತ್ತಾನಂತೆ.

ಇದು ಶುರುವಾದದ್ದು ನಿನ್ನಿಂದಲೇ. ಶ್ರಾವಣದಲ್ಲಿ ಮಠದ ಪುರಾಣ ಮಂಗಲವಾದ ಮೇಲೆ ಅಜ್ಜಿಗೆ ಸಂಜೆ ಹೊತ್ತು ಹೋಗುತ್ತಿರಲಿಲ್ಲ. ನೀನು ಫೋನಿನಲ್ಲಿ ಓದುತ್ತಿದ್ದ ಜಪಾನಿ ಕಾದಂಬರಿಯನ್ನು ಪುರಾಣದ ಹಾಗೆಯೇ ಹೇಳತೊಡಗಿದೆ: ಇಂಗ್ಲಿಷಿನಲ್ಲಿ ಒಂದು ಸಾಲು ಓದುವುದು, ನಿಲ್ಲಿಸಿ ನಮ್ಮ ಮಾತಿನಲ್ಲಿ ಅರ್ಥ ಹೇಳುವುದು. ಕಲ್ಯಾಣಪ್ಪ ಕಾಕಾ ತಮ್ಮ ಕಿರಾಣಿ ಅಂಗಡಿಯ ಕಟ್ಟೆ ಕೊಟ್ಟರು, ದೀಪ ಕೊಟ್ಟರು. ಸಂತೆಯಲ್ಲಿ ತೂಕ ಪರೀಕ್ಷಿಸುವ ಮಿತ್ಸು ಎಂಬ ಹುಡುಗಿಯ ಆ ಕಥೆಯಲ್ಲಿ ಒಬ್ಬ ಮುದುಕ ವ್ಯಾಪಾರಿ ಬಂದಾಗ ಕಾಕಾ ಹಿಗ್ಗಿ, "ನಮ್ಮಪ್ಪನೂ ಹಿಂಗೇ ಎರಡು ಬಟ್ಟಿನಾಗ ತಕ್ಕಡಿ ಹಿಡೀತಿದ್ದ ನೋಡ್ರಿ" ಎಂದದ್ದು ನೆನಪಿದೆಯಲ್ಲ? ನೀನು ಕಾರ್ಖಾನೆಗೆ ಹೋದ ಮೇಲೂ ಭಾನುವಾರಕ್ಕೊಮ್ಮೆ ನಿನ್ನ ಧ್ವನಿ ರೆಕಾರ್ಡ್ ಆಗಿ ಬರುತ್ತಿತ್ತು. ಕಾಕಾನ ಸ್ಪೀಕರಿಗೆ ಹಚ್ಚಿ ಕೇಳುತ್ತಿದ್ದೆವು.

ಮೊದಲು ಅನುಮಾನ ಪಟ್ಟವಳು ಅಜ್ಜಿ. "ಅಕಿ ಮೊದಲ ಮನಸಿನ್ಯಾಗ ಎಷ್ಟ್ ಮಾತಾಡ್ಕೊಂತಿದ್ಲು ಬೇ. ಈಗ ಬರೇ ಓಡ್ತಾಳ, ಚೀರ್ತಾಳ. ಅನೂಪಗ ಆರಾಮಿಲ್ಲೇನು?" ಎಂದಳು. ಹೀರಾಬಾಯಿ ಅತ್ತೆಗೆ ಮಾತ್ರ ಖುಷಿಯೋ ಖುಷಿ: "ಕತ್ತಿ ಬಂದಮ್ಯಾಲೇ ಕಥಿ ಜೋರ್ ಆಗ್ಯಾದ, ನೀ ಸುಮ್ಕಿರವ್ವಾ." ನನಗೆ ಆ ಕತ್ತಿಯೇ ಚುಚ್ಚಿತು. ತಕ್ಕಡಿ ಹಿಡಿಯುವವಳಿಗೆ ಕತ್ತಿ ಏಕೆ? ನೀನು ಹಿಂದೆ ನನ್ನ ಫೋನಿಗೆ ಹಾಕಿಕೊಟ್ಟಿದ್ದ ಎರಡನೆಯ ಸಂಪುಟವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಕತ್ತಿ ಎಲ್ಲೂ ಇಲ್ಲ. ಜೇವರ್ಗಿಗೆ ಹೋದಾಗ ಗೆಳತಿ ಮನೀಷಾಳ ಫೋನಿನಲ್ಲಿ ಹಿಂದಿಗೆ ಡಬ್ ಆದ ಅನಿಮೆ ನೋಡಿದೆ. ಐದನೆಯ ಕಂತಿನಲ್ಲಿ ಕತ್ತಿ ಹೊರಗೆ ಬಂತು. ನೀನು ಹೇಳಿದ ಮಾತುಗಳೇ, ಒಂದೂ ಬಿಡದೆ.

ಅನಿಮೆಯಲ್ಲಿ ಒಳ್ಳೆಯದೇ ಇಲ್ಲ ಎನ್ನುವುದಿಲ್ಲ. ಮಳೆ ನಿಂತ ಮೇಲಿನ ಸಂತೆ, ತಕ್ಕಡಿಯ ಮುಳ್ಳು ನಡುಗಿ ನಿಲ್ಲುವ ಆ ಗಳಿಗೆ, ಇವು ಪುಸ್ತಕಕ್ಕಿಂತ ಚೆನ್ನಾಗಿವೆ. ಮೂರು ಸಂಪುಟಗಳನ್ನು ಹನ್ನೆರಡು ಕಂತಿಗೆ ಇಳಿಸುವಾಗ ಏನನ್ನಾದರೂ ಬಿಡಲೇಬೇಕು, ಅದೂ ಒಪ್ಪಿದೆ. ಏನನ್ನು ಬಿಟ್ಟರು ಎಂಬುದೇ ನನ್ನ ತಕರಾರು. ಓಟ ಬಿಡಲಿಲ್ಲ, ಹಾಡು ಬಿಡಲಿಲ್ಲ, ಅವಳ ಅನುಮಾನಗಳನ್ನು ಬಿಟ್ಟರು. ಪುಸ್ತಕದಲ್ಲಿ ಅವಳು ಯಾರ ಮೇಲೆ ತಪ್ಪು ಹೊರಿಸುವಾಗಲೂ, ನನ್ನದೇ ತಪ್ಪಿದ್ದರೆ ಎಂದು ಪುಟಗಟ್ಟಲೆ ಯೋಚಿಸುತ್ತಾಳೆ. ಯೋಚನೆಗೆ ಚಿತ್ರ ಬಿಡಿಸುವುದು ಕಷ್ಟವೆಂದು ಅವರು ಕೈಗೆ ಕತ್ತಿ ಕೊಟ್ಟರು. ನೀನು ನನ್ನನ್ನು ಕರಪತ್ರದಕ್ಕ ಎಂದು ಅಣಕಿಸುತ್ತೀ, ಅಣಕಿಸು. ನ್ಯಾಯ, ಹಕ್ಕು ಎಂದು ಬರೆಯುವ ಐದು ಹತ್ತು ರೂಪಾಯಿಯ ಆ ಪುಸ್ತಿಕೆಗಳಿಂದ ನಾನು ಕಲಿತದ್ದು, ತನ್ನನ್ನು ತಾನು ಕೇಳಿಕೊಳ್ಳದೆ ನ್ಯಾಯ ಮಾಡಲು ಹೊರಟವರು ದಬ್ಬಾಳಿಕೆ ಮಾಡುತ್ತಾರೆ ಎಂದು. ಈ ಕಾದಂಬರಿಯೂ ಅದನ್ನೇ ಹೇಳುತ್ತದೆ, ಎರಡನೆಯ ಸಂಪುಟದ ಏಳನೆಯ ಅಧ್ಯಾಯದಲ್ಲಿ.

ಅದನ್ನು ನೀನು ಓದಿಲ್ಲ, ಹೇಳುತ್ತೇನೆ ಕೇಳು. ಮಿತ್ಸು ತುಂಬಿದ ಸಂತೆಯಲ್ಲಿ ಆ ಮುದುಕನನ್ನು ಕಳ್ಳನೆಂದು ಕರೆದು ಅವನ ತಕ್ಕಡಿ ಮುರಿದುಹಾಕುತ್ತಾಳೆ. ಆಮೇಲೆ ತಿಳಿಯುತ್ತದೆ, ಸವೆದದ್ದು ಅವಳೇ ತಂದಿದ್ದ ಸರಕಾರಿ ತೂಕದ ಕಲ್ಲು. ಅವಳು ಅದೇ ಸಂತೆಗೆ, ಅದೇ ಜಾಗಕ್ಕೆ ಮರಳಿ, ಜನರನ್ನು ಕೂಗಿ ಕರೆದು, ಎಲ್ಲರೆದುರು ತನ್ನ ತಪ್ಪು ಹೇಳುತ್ತಾಳೆ. ಅನಿಮೆಯಲ್ಲಿ ಈ ಅಧ್ಯಾಯವೇ ಇಲ್ಲ. ಅಲ್ಲಿ ಮುದುಕ ನಿಜವಾಗಿ ಕಳ್ಳ. ಅವಳು ಕತ್ತಿಯಿಂದ ಅಂಗಡಿ ಸೀಳುತ್ತಾಳೆ, ಜನ ಕೇಕೆ ಹಾಕುತ್ತಾರೆ. ನೀನು ಅದನ್ನೇ ಹೇಳಿದೆ, ಕಟ್ಟೆಯ ಮೇಲಿನವರೂ ಚಪ್ಪಾಳೆ ಹೊಡೆದರು. ಕಲ್ಯಾಣಪ್ಪ ಕಾಕಾ "ವ್ಯಾಪಾರದವ್ರು ಅಂದ್ರ ಜಪಾನಿನಾಗೂ ಕಳ್ಳರೇ ಏನ್ರಿ?" ಎಂದು ನಕ್ಕರು. ನಕ್ಕು ಒಳಗೆ ಹೋದವರು ಅಂದಿನಿಂದ ಕಥೆಗೆ ಕುಳಿತಿಲ್ಲ. ಭಾನುವಾರ ದೀಪ ಹಚ್ಚಿ, ಸ್ಪೀಕರ್ ಹೊರಗಿಟ್ಟು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಅವರು ಬೇಳೆ ತೂಗುವಾಗ ಓಣಿಯ ಹುಡುಗರು "ಕಾಕಾ, ಕತ್ತಿ ಬರಾಕತ್ತದ ನೋಡ್ರಿ!" ಎಂದು ಕೂಗಿ ಓಡುತ್ತಾರೆ. ನಾವು ಹುಟ್ಟುವ ಮೊದಲಿನಿಂದ ನಮ್ಮ ಮನೆಗೆ ಬೆಲ್ಲ ಬೇಳೆ ತೂಗಿದ ಮನುಷ್ಯ ಈಗ ಪ್ರತಿ ಸಲವೂ ತೂಕದ ಯಂತ್ರವನ್ನು ನನ್ನ ಕಡೆ ತಿರುಗಿಸಿ "ನೋಡ್ಕೋ ತಂಗಿ" ಎನ್ನುತ್ತಾರೆ. ನನಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ.

ಪಾಳಿ ಮುಗಿಸಿ ಬಂದು ಇಂಗ್ಲಿಷ್ ಪುಟ ಹಿಡಿದರೆ ಕಣ್ಣು ಮುಚ್ಚುತ್ತವೆ, ಗೊತ್ತು. ಹಾಗಿದ್ದರೆ ಈ ವಾರ ಓದಿಲ್ಲ ಎನ್ನಬೇಕಿತ್ತು. ಅಜ್ಜಿ ಬೈಯುತ್ತಿದ್ದಳು, ಬೈದು ಕಾಯುತ್ತಿದ್ದಳು. ಈಗ ನಿಜವಾದ ಕಥೆಯನ್ನು ನಾನೇ ಹೇಳಬಹುದು, ಆದರೆ ಹೇಳುವುದಿಲ್ಲ. ಜನ ಚಪ್ಪಾಳೆ ಹೊಡೆದದ್ದು ನಿನ್ನ ಮಾತು ಕೇಳಿ. ನೀನೇ ಬಂದು ಅದೇ ಕಟ್ಟೆಯ ಮೇಲೆ ಕುಳಿತು, ಓದಿ ಹೇಳಲಿಲ್ಲ, ನೋಡಿ ಹೇಳಿದೆ ಎಂದು ಒಪ್ಪಿಕೊಂಡು, ಆ ಅಧ್ಯಾಯವನ್ನು ಮೊದಲಿನ ಹಾಗೆ ಒಂದೊಂದೇ ಸಾಲು ಓದಿ ಅರ್ಥ ಹೇಳಬೇಕು.

ಅಜ್ಜಿ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದೇನೆಂದು ಬರೆ ಎಂದಳು, ಕಿವಿಗೆ ಮಫ್ಲರ್ ಸುತ್ತಿಕೊಳ್ಳಲಿ ಎಂದೂ ಬರೆಸಿದಳು. ಅತ್ತೆ ಊಟಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸಿದ್ದಾಳೆ. ಡಬ್ಬಿ ತುಂಬ ಇದೆ. ಕಡಿಮೆಯಾಗಿದ್ದರೆ ರಸೂಲನನ್ನು ಕೇಳು.

ಸಿಟ್ಟಾದರೂ ನಿನ್ನ ತಂಗಿಯೇ ಆದ
ನೀತಾ

ತಾ.ಕ.: ರಸೂಲ ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಕಾಕಾನ ಹತ್ತಿರ ಹೋಗಿ, ಪುಸ್ತಕದಲ್ಲಿ ಆ ಮುದುಕನ ಕಥೆ ಬೇರೆಯೇ ಇದೆ ಎಂದಷ್ಟೇ ಹೇಳಿ, ಈ ಭಾನುವಾರ ನೀವು ಕಟ್ಟೆಗೆ ಬರಲೇಬೇಕು ಎಂದೆ. ಬೆಲ್ಲ ಕಟ್ಟುತ್ತಲೇ ಹೇಳಿದರು: "ಸ್ಪೀಕರ್ ಮಾತಾಡಿದ್ರ ಬರಂಗಿಲ್ಲ ತಂಗಿ. ಅನೂಪ ಬಂದು ಕುಂತ್ರ ಬರ್ತೇನಿ. ಆ ಮುದುಕಂದು ಏನಾಯ್ತು ಅಂತ ನನಗೂ ಕೇಳೋದದ." ಪಾಳಿ ಬದಲಿಸಿಕೋ. ಭಾನುವಾರ, 25ನೇ ತಾರೀಖು, ಸಂಜೆ ಆರು ಗಂಟೆಗೆ, ಕಾಕಾನ ಕಟ್ಟೆಯ ಮೇಲೆ.