ಕನ್ನಡಿಯ ಮೂರು ಮಿಂಚು

ರಣದ ಶಾಲೆ,
೧೦ ಫೆಬ್ರುವರಿ ೨೦೦೯

ಪ್ರೀತಿಯ ತಂಗಿ ಜಸುವಿಗೆ,

ಜೈ ಮಾತಾಜಿ. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನೀರಿನ ಟ್ಯಾಂಕರಿನ ಕರ್ಸನ್‌ಭಾಯಿ ಕೈಯಲ್ಲೇ ಕಳಿಸಬೇಕು. ಅವನು ಬಂದ ದಿನ ನನಗೆ ಬಿಡುವಿಲ್ಲ, ನನಗೆ ಬಿಡುವಾದ ದಿನ ಅವನಿಲ್ಲ. ನಿನ್ನ ಮಂಡಿನೋವು ಹೇಗಿದೆ? ಈ ಸಲವೂ ಉಪ್ಪು ಎಳೆಯಲು ನೀನೇ ಪಾತಿಗೆ ಇಳಿದೆಯಂತೆ. ಹೇಳಿದರೆ ಕೇಳುವವಳಲ್ಲ ನೀನು. ಕಾಲಿಗೆ ಎಣ್ಣೆಯಾದರೂ ಹಚ್ಚಿಕೋ.

ಇಲ್ಲಿ ಎಲ್ಲ ಹಾಗೇ ಇದೆ. ಗೋಣಿತಟ್ಟಿನ ಶಾಲೆ, ಇಪ್ಪತ್ತಮೂರು ಮಕ್ಕಳು, ಸುತ್ತ ರಣದ ಬಿಳಿ ಉಪ್ಪುಬಯಲು. ಹತ್ತು ಗಂಟೆಯಾದರೆ ಸಾಕು, ಬಿಸಿಲ್ಗುದುರೆ ಏಳುತ್ತದೆ, ದೂರದ ಗುಡಿಸಲುಗಳೆಲ್ಲ ನೆಲ ಬಿಟ್ಟು ತೇಲುತ್ತವೆ. ಮೊನ್ನೆ ಒಂದು ಒಂಟೆ ಆಕಾಶದಲ್ಲೇ ನಡೆದು ಹೋಯಿತು. ಮಕ್ಕಳು ತಲೆಯೆತ್ತಿಯೂ ನೋಡಲಿಲ್ಲ, ನಾನೊಬ್ಬಳೇ ಬಾಯಿ ಬಿಟ್ಟುಕೊಂಡು ನಿಂತೆ. ವಯಸ್ಸು ಮೂವತ್ತನಾಲ್ಕಾದರೂ ನನಗೆ ಈ ಹುಚ್ಚು ಬಿಟ್ಟಿಲ್ಲ.

ನಿನಗೆ ತೇಜಲ್ ವಿಷಯ ಹೇಳಬೇಕು. ಶಾಲೆಯಿಂದ ಒಂದು ಮೈಲಿಯಾಚೆಗಿನ ಉಪ್ಪಿನ ಆಗರದ ವಾಲಿಬೇನ್ ಮಗಳು, ಹನ್ನೊಂದು ವರ್ಷ. ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಮೊದಲ ವರ್ಷ ನಾನೇ ಅವಳನ್ನು ದಡ್ಡಿ ಎಂದುಕೊಂಡಿದ್ದೆ, ನನ್ನ ಕಣ್ಣಿಗೆ ಮಣ್ಣು ಬೀಳಲಿ. ಆಮೇಲೊಂದು ಭಾನುವಾರ ಮಧ್ಯಾಹ್ನ ಅವರ ಆಗರದ ಕಡೆಯಿಂದ ಕನ್ನಡಿ ಮಿಂಚಿತು. ಒಂದು ಮಿಂಚೆಂದರೆ ಊಟಕ್ಕೆ ಬಾ, ಎರಡೆಂದರೆ ಟ್ಯಾಂಕರ್ ಬಂತು, ಮೂರೆಂದರೆ ಪಂಪು ನಿಂತಿತು, ಇದ್ದಲ್ಲಿಂದ ಓಡಿ ಬಾ. ಇಷ್ಟೇ ತಾನೆ ನಮಗೆ ಗೊತ್ತಿದ್ದದ್ದು? ಇದು ಹಾಗಿರಲಿಲ್ಲ. ಉದ್ದ, ಗಿಡ್ಡ, ಗಿಡ್ಡ, ಸ್ವಲ್ಪ ಬಿಡುವು, ಮತ್ತೆ ಉದ್ದ. ಆಚೆ ಆಗರದಿಂದ ಇನ್ನೊಂದು ಕನ್ನಡಿ ಅದಕ್ಕೆ ಉತ್ತರ ಕೊಡುತ್ತಿತ್ತು. ಬೆಳಕು ಬೆಳಕಿನ ಜೊತೆ ಹರಟೆಗೆ ಕೂತಂತಿತ್ತು, ಜಸು. ನಾನು ಒಲೆಯ ಮೇಲಿನ ರೊಟ್ಟಿಯನ್ನೇ ಮರೆತೆ.

ಮರುದಿನ ತೇಜಲ್‌ಳನ್ನು ಕೇಳಿದೆ. "ಮಗ್ಗಿ ಹೇಳ್ಕೊಡ್ತಿದ್ದೆ ಬೇನ್. ಆಚೆ ಆಗರದ ಕಂಕು ಇದಾಳಲ್ಲ, ಅವಳನ್ನ ಮನೇಲಿ ಶಾಲೆಗೆ ಕಳ್ಸಲ್ಲ. ಉದ್ದದ್ದು ಹತ್ತು, ಗಿಡ್ಡದ್ದು ಒಂದು," ಅಂದಳು.

"ಇದನ್ನ ಯಾರೇ ನಿಂಗೆ ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ಬಿಸಿಲು ಸುಮ್ನೆ ಬಿದ್ದಿರುತ್ತಲ್ಲ ಬೇನ್."

ಅವತ್ತೇ ಪಟ್ಟಣದ ವಸತಿ ಶಾಲೆಗೆ ಅವಳ ಹೆಸರು ಬರೆದು ಕಳಿಸಿದೆ. ನಾನು ಓದಿದ ಅದೇ ಶಾಲೆ. ಈಗಲೂ ಇಡೀ ರಣದ ಮಕ್ಕಳಿಗೆ ವರ್ಷಕ್ಕೆ ಒಂದೇ ಜಾಗ. ಆ ಒಂದು ಜಾಗಕ್ಕೆ ನಾವಿಬ್ಬರೂ ಪರೀಕ್ಷೆಗೆ ಕೂತಿದ್ದು ನಿನಗೂ ನೆನಪಿರಬೇಕು. ವಾಲಿಬೇನ್ ಸುಲಭಕ್ಕೆ ಒಪ್ಪಲಿಲ್ಲ. "ಓದಿ ಏನ್ ಮಾಡ್ತಾಳೆ ಲಾಭುಬೇನ್? ನಿಮ್ಹಂಗೆ ವಾಪಸ್ ಬಂದು ಇದೇ ಉಪ್ಪಲ್ಲಿ ಕೂರೋಕಾ?" ಎಂದು ನನಗೇ ಚುಚ್ಚಿದಳು. ಆದರೆ ಪರೀಕ್ಷೆಯ ದಿನ ಮಗಳ ಫ್ರಾಕನ್ನು ಕುಡಿಯುವ ನೀರಿನಲ್ಲಿ ಒಗೆದು ಹಾಕಿ ಕಳಿಸಿದ್ದಳು.

ಅದಾಗಿ ಹದಿನೈದು ದಿನವಾಯಿತು. ಅವತ್ತು ಪರೀಕ್ಷೆ ನಡೆಸಲು ವಸತಿ ಶಾಲೆಯಿಂದ ಪಂಡ್ಯಾ ಸಾಹೇಬರು ಛತ್ರಿ ಹಿಡಿದು ಬಂದರು. ಒಂಬತ್ತು ಮಕ್ಕಳು ಕೂತಿದ್ದರು. ತೇಜಲ್ ಅರ್ಧ ಮುಗಿಸಿದ್ದಳು. ಆಗ ಬಾಗಿಲಿನಿಂದ ಬೆಳಕು ನುಗ್ಗಿ ಗೋಣಿಯ ಮೇಲೆ ಬಿತ್ತು. ಮೂರು ಮಿಂಚು. ಹುಡುಗಿ ಪೆನ್ಸಿಲ್ ಇಟ್ಟಳು, ಎದ್ದಳು, ಯಾರನ್ನೂ ಕೇಳದೆ ಬರಿಗಾಲಲ್ಲಿ ಓಡಿದಳು. ಬಿಳಿ ನೆಲದ ಮೇಲೆ ಸಣ್ಣಗಾಗುತ್ತ ಹೋಗಿ ಬಿಸಿಲ್ಗುದುರೆಯೊಳಗೆ ಕರಗಿಬಿಟ್ಟಳು.

"ಹುಡುಗಿಗೆ ಆಸಕ್ತಿಯಿಲ್ಲ," ಎಂದು ಸಾಹೇಬರು ಬರೆದುಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. "ಸಾಹೇಬ್ರೆ, ಅವಳಪ್ಪ ಹಾಸಿಗೆ ಹಿಡಿದಿದಾನೆ. ಪಂಪು ನಿಂತ್ರೆ ತಿರುಗಿಸೋಕೆ ಅವಳ ಕೈ ಬೇಕು. ಬಾವಿ ನೀರು ಬರದಿದ್ರೆ ಇಡೀ ಪಾತಿ ಕೆಡುತ್ತೆ."

"ಇರಬಹುದು ಬೇನ್. ಆದ್ರೆ ಪರೀಕ್ಷೆ ಪರೀಕ್ಷೆನೇ."

"ಟೈಮು ಇನ್ನೆಷ್ಟಿದೆ?"

"ನಲವತ್ತು ನಿಮಿಷ."

"ಹಾಗಾದ್ರೆ ಛತ್ರಿ ತಗೊಂಡು ಹೊರಗೆ ಬನ್ನಿ."

ದೂರದಲ್ಲಿ ಪಂಪಿನ ಸದ್ದು ಮತ್ತೆ ಕೇಳಿಸುವವರೆಗೆ ಕಾದೆವು. ನಾನು ತಲೆ ಬಾಚುವ ಕನ್ನಡಿ ತಂದು ಅವಳ ಹಾಗೆಯೇ ಮಿಂಚಿಸಿದೆ. ಉಳಿದಿದ್ದು ಮುಂದಿನ ಸಂಖ್ಯೆ ಯಾವುದೆಂದು ಕೇಳುವ ಲೆಕ್ಕಗಳು. ಎರಡು, ಆರು, ಹನ್ನೆರಡು, ಇಪ್ಪತ್ತು. ಆ ಕಡೆ ಏನೂ ಇಲ್ಲ. ಬರೀ ಬಿಸಿಲು, ಗಾಳಿ. ಅದನ್ನೇ ಇನ್ನೊಮ್ಮೆ ಮಿಂಚಿಸಿದೆ. ಆಮೇಲೆ ತೇಲುವ ಗುಡಿಸಲಿನ ಪಕ್ಕದಿಂದ ಮೂರು ಸಲ ಬೆಳಕು ಬಂತು.

"ಮತ್ತೆ ಪಂಪು ನಿಂತಿತಾ?" ಅಂದರು ಸಾಹೇಬರು.

"ಇಲ್ಲ ಸಾಹೇಬ್ರೆ, ಇವು ಉದ್ದದ ಮಿಂಚು. ಮೂವತ್ತು."

ಅವರು ಛತ್ರಿಯನ್ನು ನೆಲಕ್ಕೆ ಹಾಕಿ ಕನ್ನಡಿ ಇಸಿದುಕೊಂಡರು. ಕೇಳಿದ್ದಕ್ಕೆಲ್ಲ ಉತ್ತರ ಬಂತು. ಸಮಯ ಮುಗಿದ ಮೇಲೂ ಪತ್ರಿಕೆಯಲ್ಲಿಲ್ಲದ ಲೆಕ್ಕಗಳನ್ನೂ ಕೇಳುತ್ತ ಬಿಸಿಲಲ್ಲೇ ನಿಂತಿದ್ದರು, ಮುದುಕಪ್ಪ. ಹೋಗುವಾಗ ಆ ಹಳೆಯ ಸಾಲನ್ನು ಹೊಡೆದುಹಾಕಿದರು.

ನಿನ್ನೆ ಕಾಗದ ಬಂದಿದೆ. ಜೂನ್‌ನಿಂದ ತೇಜಲ್ ಅಲ್ಲಿ ಓದುತ್ತಾಳೆ. "ಪಂಪಿಗೆ ಯಾರು?" ಎಂದು ವಾಲಿಬೇನ್ ಕೇಳಿದಳು. "ಮೂರು ಮಿಂಚಿಸು, ನಾನು ಬರ್ತೀನಿ," ಅಂದೆ. "ಈ ಮೈ ಹೊತ್ಕೊಂಡು ನೀವು ಓಡ್ತೀರಾ?" ಎಂದು ನಕ್ಕಳು. ಓಡುತ್ತೇನೆ, ಜಸು. ಇವತ್ತಿನಿಂದಲೇ ಓಡುವ ಅಭ್ಯಾಸ ಶುರುಮಾಡಿದ್ದೇನೆ.

ಮಾತಾಜಿ ನಿನ್ನ ಮಂಡಿಗಳಿಗೆ ಬಲ ಕೊಡಲಿ, ನಿನ್ನ ಮಕ್ಕಳ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ, ನಿನ್ನ ಮೋಟೀಬೇನ್,
ಲಾಭು

ಮರೆತ ಮಾತು: ಮರೆತದ್ದೇನಲ್ಲ, ಇಪ್ಪತ್ತೆರಡು ವರ್ಷ ಬಾಯಿಗೆ ಬರಲಿಲ್ಲ. ನಾವು ಪರೀಕ್ಷೆಗೆ ಕೂತ ದಿನ ಮಾ ಮೂರು ಸಲ ಮಿಂಚಿಸಿದಳು. ನೀನು ಎದ್ದು ಓಡಿದೆ, ನಾನು ಪೂರ್ತಿ ಬರೆದು ಪಟ್ಟಣಕ್ಕೆ ಹೋದೆ. ಆ ಸಂಜೆ ನೀನು, "ಮೋಟೀಬೇನ್, ನಿಂಗೆ ಕಾಣ್ಲಿಲ್ವಾ?" ಎಂದು ಕೇಳಿದ್ದೆ. "ಇಲ್ಲ ಕಣೇ, ನನ್ನ ಬೆನ್ನು ಆ ಕಡೆಗಿತ್ತು," ಅಂದಿದ್ದೆ. ನೀನು ನಂಬಿದೆ. ಲೆಕ್ಕದಲ್ಲಿ ನೀನು ನನಗಿಂತ ಎಷ್ಟೋ ಮುಂದಿದ್ದೆ, ಅದು ನನಗೆ ಗೊತ್ತಿತ್ತು. ಆ ಬೆಳಕು ನನ್ನ ಕಾಗದದ ಮೇಲೇ ಬಿದ್ದಿತ್ತು, ಜಸು. ಎಡಗೈಯಿಂದ ಅದನ್ನು ಮುಚ್ಚಿಕೊಂಡು ನಾನು ಬರೆಯುತ್ತಲೇ ಇದ್ದೆ.