ವಾಡೆಯೊಡತಿಗೆ ಒಯ್ದ ಖಣ

ಕ್ವೀನ್ಸ್‌ಬರಿ, ಲಂಡನ್
೧೪-೯-೨೦೦೩

ಚಿ. ಸೌ. ಕಲ್ಯಾಣಿಗೆ ನಿನ್ನ ಅಕ್ಕನ ಆಶೀರ್ವಾದ.

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀ, ಬೈ. ನಾನು ಫ್ರಾನ್ಸಿಗೆ ಉಪವಾಸ ಬೀಳಲು ಹೋಗಿದ್ದೆ!

ನನಗೆ ಅರವತ್ತು ತುಂಬಿತೆಂದು ಮಗ ಅಮರ ಎಲ್ಲರನ್ನೂ ಕರೆದುಕೊಂಡು ಹೋದ. "ಅವ್ವಾ, ನಮ್ಮ ದೇಸಾಯರ ವಾಡೆ ಇದ್ದಂಗ ಐತಿ. ಮುನ್ನೂರು ವರ್ಷದ ಮನಿ, ಈಗ ಹೋಟೆಲ್ ಮಾಡ್ಯಾರ. ಮನಿಯೊಡತಿ ಅಲ್ಲೇ ಇರ್ತಾಳ" ಅಂದ. ಒಬ್ಬರ ಮನೆಗೆ ಬರಿಗೈಲಿ ಹೋಗುವುದು ಹೇಗೆ? ಶೇಂಗಾ ಉಂಡಿ ಕಟ್ಟಿದೆ. ನಮ್ಮವ್ವನ ಟ್ರಂಕಿನಿಂದ ನೀನು ತೆಗೆದುಕೊಟ್ಟಿದ್ದ ಗುಳೇದಗುಡ್ಡದ ರವಿಕೆ ಖಣವನ್ನೂ ಇಟ್ಟುಕೊಂಡೆ.

ಏನು ವಾಡೆಯೋ ಏನೋ! ಹೊರಗೆ ಗೋಪುರ, ಕೊಳ, ಬಾತುಕೋಳಿ. ಒಳಗೆ ಲಿಫ್ಟೇ ಇಲ್ಲ. ನನ್ನ ಮೊಣಕಾಲು ನಿನಗೆ ಗೊತ್ತಲ್ಲ. ಸ್ನಾನಕ್ಕೆ ಎಮ್ಮೆ ಮೈತೊಳೆಯುವಷ್ಟು ದೊಡ್ಡ ತೊಟ್ಟಿ, ಒಂದು ತಂಬಿಗೆ ಇಲ್ಲ. ಲಿಂಗಪೂಜೆ ಮುಗಿಸಿ ಕೆಳಗಿಳಿದರೆ ನಾಷ್ಟಾ ಎತ್ತಿಬಿಟ್ಟಿದ್ದರು. ಊಟಕ್ಕೆ ಎರಡು ತಾಸು ಕೂರಿಸಿ ತಟ್ಟೆಯ ನಡುವೆ ಮೂರು ಬೀನ್ಸ್ ಇಟ್ಟರು. "ನಮ್ಮವ್ವ ಮಾಂಸ ತಿನ್ನಂಗಿಲ್ಲ ಅಂತ ಮೊದಲ ಹೇಳೀನಿ" ಎಂದು ಅಮರ ಹೆಮ್ಮೆಯಿಂದ ಅಂದ. ಹೇಳದಿದ್ದರೆ ಅವೂ ಬರುತ್ತಿರಲಿಲ್ಲವೇನೋ!

ಒಡತಿ ಮಾತ್ರ ಒಳ್ಳೆಯವಳು, ನನ್ನಷ್ಟೇ ವಯಸ್ಸು. ಒಂದೊಂದು ಮೇಜಿಗೂ ಬಂದು ಮಾತಾಡಿಸುತ್ತಿದ್ದಳು. ನನ್ನ ಇಳಕಲ್ ಸೀರೆಯ ಸೆರಗು ಮುಟ್ಟಿ ಏನೋ ಅಂದಳು, ಚಂದ ಅಂತಲೇ ಇರಬೇಕು. ಹೊರಡುವ ದಿನ ಅವಳಿಗೆ ಕೈಯಾರೆ ಖಣ, ಉಂಡಿ ಕೊಡಬೇಕೆಂದಿದ್ದೆ. ಅಮರ ಗಂಟು ಕಸಿದುಕೊಂಡ. "ಇಲ್ಲಿ ಹಂಗೆಲ್ಲಾ ಕೊಡಂಗಿಲ್ಲವ್ವಾ. ನೀ ಕಾರಿನ್ಯಾಗ ಕೂಡು, ನಾ ಕೊಟ್ಟು ಬರ್ತೀನಿ."

ಬಂದವನು, "ಭಾಳ ಖುಷಿಯಾದ್ಲು, ನಿನಗ ಥ್ಯಾಂಕ್ಸ್ ಹೇಳಂದ್ಲು" ಎಂದ. ನನ್ನ ಸಿಟ್ಟೆಲ್ಲ ಇಳಿಯಿತು. ದಾರಿಯುದ್ದಕ್ಕೂ ಅವನನ್ನು ಹೊಗಳಿದ್ದೇ ಹೊಗಳಿದ್ದು.

ನಿಮ್ಮವರಿಗೆ ಕೇಳಿದೆನೆಂದು ಹೇಳು. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ
ಕಾಶವ್ವ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಫ್ರಾನ್ಸಿನಿಂದ ಪಾರ್ಸಲ್ ಬಂತು. ಒಳಗೆ ನಮ್ಮವ್ವನ ಖಣ. ಉಂಡಿಯ ಡಬ್ಬಿಯ ಮುಚ್ಚಳ ಕೂಡ ತೆರೆದಿಲ್ಲ. ಜೊತೆಗಿದ್ದ ಚೀಟಿಯನ್ನು ಮೊಮ್ಮಗಳು ಐಶ್ವರ್ಯಾ ಓದಿ ಹೇಳಿದಳು: "ಅಜ್ಜಿ, ಡ್ಯಾಡ್ ಫರ್ಗಾಟ್ ಇಟ್ ಇನ್ ಹಿಸ್ ರೂಮ್." ಅಮರನ ಕೋಣೆಯ ಕಪಾಟಿನಲ್ಲಿ ಬಟ್ಟೆಯ ಹಿಂದೆ ಸಿಕ್ಕಿತಂತೆ. ನಿಮ್ಮದು ಮರೆತು ಉಳಿದಿತ್ತು ಎಂದು ತಿರುಗಿ ಕಳಿಸಿದ್ದಾರೆ.

ಅವನಿಗೆ ನನ್ನದೇ ನಾಚಿಕೆ ಆಗಿತ್ತು, ಕಲ್ಯಾಣಿ. ಅಪ್ಪನಿಗೆ ಹೇಳಬೇಡ ಅಂತ ಕೂಸಿನಿಂದ ಆಣೆ ಮಾಡಿಸಿಕೊಂಡಿದ್ದೇನೆ. ಖಣವನ್ನು ಈ ಪತ್ರದ ಜೊತೆಗೇ ನಿನಗೆ ಕಳಿಸುತ್ತಿದ್ದೇನೆ. ಇಲ್ಲಿದ್ದರೆ ಅಮರನ ಕಣ್ಣಿಗೆ ಬಿದ್ದೀತು. ಪಾಪ, ಮತ್ತೆ ನಾಚಿಕೊಂಡಾನು.